ಡಂಬಳ ಕೋಟೆ ಹಿಡಿದ ಧೋಂಡಿಯಾ ವಾಘ್: ಮಳೆಗಾಲವಿಡೀ ಕಂಪನಿ ದಂಡನ್ನು ಓಡಾಡಿಸಿದ ಸವಾರ

ಕಣಗಿನಹಾಳ ಅಂದ್ರೆ ಎಲ್ಲರಿಗೂ ಮೊದಲು ನೆನಪಾಗೋದು 1905ರ ಸಹಕಾರಿ ಸಂಘ, ಅದನ್ನು ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಅದಕ್ಕೂ ನೂರೈದು ವರ್ಷ ಮೊದಲು, 1800ರ ಮಳೆಗಾಲದಲ್ಲಿ, ಗದಗ, ಡಂಬಳ, ಶಿರಹಟ್ಟಿ, ಲಕ್ಷ್ಮೇಶ್ವರದ ಹೆಸರುಗಳು ಬೇರೆಯದೇ ಕಾರಣಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಕಾಗದಪತ್ರಗಳಲ್ಲಿ ಓಡಾಡುತ್ತಿದ್ದವು. ಆ ಕಾರಣದ ಹೆಸರು ಧೋಂಡಿಯಾ ವಾಘ್. ಕಂಪನಿಯವರು ಆತನನ್ನು ದರೋಡೆಕೋರ ಅಂತ ಬರೆದರು. ಆತ ತನ್ನನ್ನು ಉಭಯ ಲೋಕಾಧೀಶ್ವರ, ಅಂದ್ರೆ ಎರಡೂ ಲೋಕದ ಒಡೆಯ ಅಂತ ಕರಕೊಂಡ. ಇವೆರಡರ ನಡುವೆ ಎಲ್ಲೋ ಆತನ ನಿಜವಾದ ಬದುಕಿದೆ.

ಚನ್ನಗಿರಿಯಿಂದ ಲಕ್ಷ್ಮೇಶ್ವರಕ್ಕೆ

ಧೋಂಡಿಯಾ ಹುಟ್ಟಿದ್ದು ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ, ಮರಾಠಾ ಮನೆತನದಲ್ಲಿ. ಆಗ ಅದು ಮೈಸೂರು ಸೀಮೆ. ಹೈದರ್ ಅಲಿಯ ಕುದುರೆ ದಂಡಿಗೆ ಸೇರಿ ಸವಾರನಾದ. ಹೈದರ್ ತೀರಿಕೊಂಡ ಮೇಲೆ ಟಿಪ್ಪು ಸುಲ್ತಾನನ ಕೈಕೆಳಗೆ ಮುಂದುವರಿದ. 1790ರಿಂದ 1792ರವರೆಗೆ ಮೈಸೂರಿನ ಮೇಲೆ ಕಂಪನಿ, ಮರಾಠರು, ನಿಜಾಮ ಮೂವರೂ ಕೂಡಿ ಏರಿ ಬಂದಾಗ, ಧೋಂಡಿಯಾ ಕೈಗೆ ಸಿಕ್ಕಷ್ಟು ಗಂಟು ಕಟ್ಟಿಕೊಂಡು ದಂಡು ಬಿಟ್ಟು ಬಂದ. ಬಂದು ಆಸರೆ ಪಡೆದದ್ದು ಲಕ್ಷ್ಮೇಶ್ವರದ ದೇಸಾಯರ ಹತ್ತಿರ. ಈ ಸೀಮೆಗೂ ಆತನಿಗೂ ನಂಟು ಶುರುವಾದದ್ದು ಹೀಗೆ.

ಬೇರೆಯವರ ಆಸರೆಯಲ್ಲಿ ಬಹಳ ದಿನ ಕೂಡುವ ಜಾತಿಯ ಮನುಷ್ಯ ಆತನಲ್ಲ. ತನ್ನದೇ ಒಂದು ಗುಂಪು ಕಟ್ಟಿ 1793ರಲ್ಲಿ ಹಾವೇರಿ ಹಿಡಿದ, ಆಮೇಲೆ ಸವಣೂರಿಗೂ ಕೈ ಹಾಕಿದ. ಆಗ ಈ ಭಾಗ ಪೇಶ್ವೆಯರ ಹಿಡಿತದಲ್ಲಿತ್ತು. ಅವರ ಸರದಾರ ಧೋಂಡೋಪಂತ ಗೋಖಲೆ ದಂಡು ತಂದು ಆತನನ್ನು ಹೊಡೆದೋಡಿಸಿದ. ಇಬ್ಬರ ನಡುವಿನ ಹಗೆ ಅಂದೇ ಬೆಳೆಯಿತು.

ಬೇರೆ ದಾರಿಯಿಲ್ಲದೆ ಧೋಂಡಿಯಾ 1794ರಲ್ಲಿ ಇನ್ನೂರು ಕುದುರೆಗಳೊಡನೆ ಮತ್ತೆ ಟಿಪ್ಪುವಿನ ಕಡೆಗೆ ಹೋದ. ಅಲ್ಲಿ ಮುಸ್ಲಿಮನಾಗಿ ಮಲಿಕ್ ಜಹಾನ್ ಖಾನ್ ಅನ್ನೋ ಹೆಸರು ಪಡೆದ. ಆದರೆ ಸುಲ್ತಾನನಿಗೆ ಆತನ ಮೇಲೆ ನಂಬಿಕೆ ಉಳಿಯಲಿಲ್ಲ. ಶ್ರೀರಂಗಪಟ್ಟಣದಲ್ಲಿ ಸೆರೆಗೆ ತಳ್ಳಿದ.

ಸೆರೆ ಬಾಗಿಲು ತೆರೆದ ದಿನ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಕಂಪನಿಗೆ ಅದು ಗೆಲುವಿನ ದಿನ, ಧೋಂಡಿಯಾನಿಗೆ ಬಿಡುಗಡೆಯ ದಿನ. ಸುಲ್ತಾನನ ದಂಡು ಒಡೆದು ಸಾವಿರಾರು ಸವಾರರು ಒಮ್ಮೆಲೇ ಸಂಬಳ ಇಲ್ಲದವರಾಗಿದ್ದರು. ಕುದುರೆ ಇದೆ, ಕತ್ತಿ ಇದೆ, ಹೊಟ್ಟೆಗೆ ಹಿಟ್ಟಿಲ್ಲ. ಅಂಥವರು ಧೋಂಡಿಯಾನ ಹಿಂದೆ ನಿಂತರು. ಕೆಲವೇ ವಾರದಲ್ಲಿ ಶಿವಮೊಗ್ಗ, ಶಿಕಾರಿಪುರದ ಕಡೆ ಆತನದೇ ಮಾತು ನಡೆಯತೊಡಗಿತು.

ಕಂಪನಿ ಅದೇ ವರ್ಷ ಬೆನ್ನು ಹತ್ತಿತು. ಆಗಸ್ಟ್‌ನಲ್ಲಿ ಕರ್ನಲ್ ಸ್ಟೀವನ್ಸನ್ ಶಿಕಾರಿಪುರ ಹಿಡಿದಾಗ ಧೋಂಡಿಯಾ ಗಡಿ ದಾಟಿ ಪೇಶ್ವೆಯರ ಸೀಮೆಗೆ ನುಗ್ಗಿದ. ಗೋಖಲೆಯ ದಂಡು ಅಲ್ಲಿಯೂ ಬಿಡಲಿಲ್ಲ. ಕೆಲಕಾಲ ಕೊಲ್ಹಾಪುರದ ರಾಜನ ಚಾಕರಿ ಮಾಡಿ, ಅದನ್ನೂ ಬಿಟ್ಟು, 1800ರಲ್ಲಿ ದೊಡ್ಡ ದಂಡಿನೊಡನೆ ಮರಳಿ ಬಂದ. ಡಂಬಳ, ಗದಗ, ಕುಂದಗೋಳದಂಥ ಕೋಟೆಗಳು ಆತನ ಕೈಸೇರಿದವು.

ಕಂಪನಿಗೆ ಹೆದರಿಕೆ ಹತ್ತಿದ್ದು ಇಲ್ಲಿ. ಸಾಮಾನ್ಯ ಸಿಪಾಯಿಯಾಗಿದ್ದ ಹೈದರ್ ಹೇಗೆ ಮೈಸೂರಿನ ಒಡೆಯನಾದ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಆಗ ಕೆನರಾ ಜಿಲ್ಲೆಯ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಕೂಡ, ತಡೆಯದೇ ಬಿಟ್ಟಿದ್ದರೆ ಧೋಂಡಿಯಾ ತನ್ನದೇ ರಾಜವಂಶ ಕಟ್ಟುತ್ತಿದ್ದ ಅಂತಲೇ ಬರೆದ. ಸಿಕ್ಕಲ್ಲಿ ಹಿಡಿದು ಮೊದಲು ಕಂಡ ಮರಕ್ಕೆ ನೇಣು ಹಾಕಿ ಅಂತ ಮದ್ರಾಸಿನಿಂದ ಸೂಚನೆ ಹೋಯಿತು. ಆ ಕೆಲಸ ಬಂದದ್ದು 31 ವರ್ಷದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಾಲಿಗೆ. ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಈತನೇ. ಅದೇ ಹೊತ್ತಿಗೆ ಡಚ್ಚರ ಬಟಾವಿಯಾ, ಅಂದ್ರೆ ಇಂದಿನ ಜಕಾರ್ತಾದ ಮೇಲಿನ ದಂಡಯಾತ್ರೆಯ ನಾಯಕತ್ವ ವೆಲ್ಲೆಸ್ಲಿಗೆ ಬಂದಿತ್ತು. ಹೆಸರು, ದುಡ್ಡು ಎರಡೂ ಇದ್ದ ಕೆಲಸ ಅದು. ಅದನ್ನು ಬಿಟ್ಟು ಧೋಂಡಿಯಾನ ಹಿಂದೆ ಹೊರಟ. ಬರೀ ಒಬ್ಬ ಕಳ್ಳನಿಗಾಗಿ ಯಾರೂ ಹಾಗೆ ಮಾಡುವುದಿಲ್ಲ.

ಎತ್ತು, ಅಕ್ಕಿ, ಹರಗೋಲು

ಧೋಂಡಿಯಾನ ಬಲ ಇದ್ದದ್ದು ವೇಗದಲ್ಲಿ. ಆತನ ಸವಾರರು ಹೋದ ಊರಲ್ಲೇ ಕಾಳು, ಮೇವು ಎತ್ತಿಕೊಂಡು ಮುಂದೆ ಸಾಗುತ್ತಿದ್ದರು. ಕಂಪನಿ ದಂಡು ಹಾಗಲ್ಲ. ತೋಪು, ಮದ್ದು, ಡೇರೆ, ಅಕ್ಕಿ ಎಲ್ಲವನ್ನೂ ಹೊತ್ತುಕೊಂಡೇ ಹೋಗಬೇಕು. ಮಳೆಗಾಲದಲ್ಲಿ ಗದಗ ಸೀಮೆಯ ಎರೆ ಹೊಲದಲ್ಲಿ ಖಾಲಿ ಬಂಡಿ ಎಳೆಯೋದೇ ಎಷ್ಟು ಕಷ್ಟ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ.

ವೆಲ್ಲೆಸ್ಲಿ ಯುದ್ಧಕ್ಕಿಂತ ಮೊದಲು ಈ ಲೆಕ್ಕ ಮಾಡಿದ. ಟಿಪ್ಪುವಿನ ಅಮೃತಮಹಲ್ ಎತ್ತುಗಳು ಕಂಪನಿಗೆ ಸಿಕ್ಕಿದ್ದವು, ಓಟಕ್ಕೂ ಎಳೆತಕ್ಕೂ ಹೆಸರಾದ ತಳಿ. ಮನ್ರೋ ಕೆನರಾದಿಂದ ಅಕ್ಕಿ ಕಳಿಸಿದ. ಅದರ ಜೊತೆ ಬಂಜಾರರು, ಅಂದ್ರೆ ಲಂಬಾಣಿಗರು, ಸಾವಿರಾರು ಎತ್ತುಗಳ ಬೆನ್ನ ಮೇಲೆ ಕಾಳು ಹೇರಿಕೊಂಡು ದಂಡಿನ ಹಿಂದೆ ನಡೆದರು. ಅಗ್ಗವಿದ್ದಲ್ಲಿ ಕೊಂಡು, ಪಾಳೆಯದ ಬಜಾರದಲ್ಲಿ ಮಾರೋದು ಅವರ ವ್ಯಾಪಾರ. ಅವರ ಎತ್ತು ನಿಂತರೆ ದಂಡೂ ನಿಂತಂತೆ. ಊರವರ ಮಾಲಿಗೆ ರೊಕ್ಕ ಕೊಡಬೇಕು, ಸುಲಿಗೆ ಮಾಡಿದ ಸಿಪಾಯಿಗೆ ಶಿಕ್ಷೆ ಆಗಬೇಕು ಅಂತ ವೆಲ್ಲೆಸ್ಲಿ ಪಟ್ಟು ಹಿಡಿದ. ಇದು ಕರುಣೆಯಲ್ಲ, ವ್ಯವಹಾರ. ರೈತ ಊರು ಬಿಟ್ಟು ಓಡಿದರೆ ನಾಳೆ ದಂಡಿಗೆ ಕಾಳು ಮಾರುವವರು ಯಾರು?

ಮಳೆಯನ್ನೂ ಆತ ತನ್ನ ಕಡೆಗೆ ತಿರುಗಿಸಿಕೊಂಡ. ಹೊಳೆ ತುಂಬಿದರೆ ಕುದುರೆ ದಂಡು ದಾಟಲಾರದು. ವೆಲ್ಲೆಸ್ಲಿ ಚರ್ಮ ಹೊದಿಸಿದ ಹರಗೋಲುಗಳನ್ನು ಸಿದ್ಧವಿಟ್ಟುಕೊಂಡಿದ್ದ. ತುಂಗಭದ್ರಾ, ವರದಾ, ಮಲಪ್ರಭಾ ತುಂಬಿ ಹರಿದಷ್ಟೂ ಧೋಂಡಿಯಾನ ಬಯಲು ಸಣ್ಣದಾಗುತ್ತಾ ಹೋಯಿತು.

ಜೂನ್‌ನಿಂದ ಜುಲೈ: ಕೋಟೆಗಳ ಸರದಿ

ಎರಡನೇ ಬಾಜೀರಾಯ ಪೇಶ್ವೆ ಒಲ್ಲದ ಮನಸ್ಸಿನಿಂದಲೇ ತನ್ನ ಸೀಮೆಯೊಳಗೆ ಬರಲು ಕಂಪನಿಗೆ ಒಪ್ಪಿಗೆ ಕೊಟ್ಟ. ಜೂನ್ ಕೊನೆಗೆ ವೆಲ್ಲೆಸ್ಲಿ ಹರಿಹರದಲ್ಲಿ ತುಂಗಭದ್ರಾ ದಾಟಿದ. 27ರಂದು ರಾಣೆಬೆನ್ನೂರು ಕೋಟೆ ಬಿತ್ತು.

ಮೂರೇ ದಿನದಲ್ಲಿ ಧೋಂಡಿಯಾ ತಿರುಗೇಟು ಕೊಟ್ಟ. ಕಂಪನಿಗೆ ನೆರವಾಗಲು ಬಂದಿದ್ದ ಹಳೇ ಹಗೆ ಧೋಂಡೋಪಂತ ಗೋಖಲೆಯ ಮೇಲೆ ಜೂನ್ 30ರಂದು ಕಿತ್ತೂರು ಸೀಮೆಯಲ್ಲಿ ಎರಗಿ ಕೊಂದೇಬಿಟ್ಟ. ಹಿಂದೆ ಮಾಡಿದ್ದ ಶಪಥದಂತೆ ಗೋಖಲೆಯ ರಕ್ತವನ್ನು ಮೀಸೆಗೆ ಹಚ್ಚಿಕೊಂಡ ಅಂತ ಹೇಳಿಕೆ ಇದೆ. ಗೋಖಲೆಯ ಸೋದರಳಿಯಂದಿರಂಥವರ ಪೈಕಿ ಬಾಪು ಗೋಖಲೆ ಗಾಯಗೊಂಡು ಪಾರಾದ. ಪೇಶ್ವೆಯರ ಕೊನೆಯ ಸೇನಾಪತಿಯಾಗಿ 1818ರಲ್ಲಿ ಕಂಪನಿಯ ವಿರುದ್ಧವೇ ಹೋರಾಡಿ ಸತ್ತವನು ಇದೇ ಬಾಪು.

ಗೋಖಲೆಯ ಸಾವಿನ ಸುದ್ದಿ ಹಬ್ಬಿದ ಮೇಲೆ ಧೋಂಡಿಯಾನ ಕಡೆ ಇನ್ನಷ್ಟು ಮಂದಿ ಸೇರಿದರು. ಆದರೆ ವೆಲ್ಲೆಸ್ಲಿ ಅವಸರ ಮಾಡಲಿಲ್ಲ. ಓಡುವ ಸವಾರನನ್ನು ಬಿಟ್ಟು ಆತ ನಿಲ್ಲುವ ಜಾಗಗಳನ್ನು ಒಂದೊಂದಾಗಿ ಕಿತ್ತುಕೊಂಡ. ಜುಲೈ 14ರಂದು ಕುಂದಗೋಳ ಹೋಯಿತು. ಲಕ್ಷ್ಮೇಶ್ವರದಲ್ಲಿದ್ದವರು ದಂಡು ಬರುವ ಮೊದಲೇ ಜಾಗ ಖಾಲಿ ಮಾಡಿದರು. ಧೋಂಡಿಯಾನ ಮಂದಿ ಸುತ್ತುವರಿದಿದ್ದ ಶಿರಹಟ್ಟಿ ಬಿಡುಗಡೆಯಾಯಿತು.

ಜುಲೈ 26ರಂದು ಡಂಬಳದ ಸರದಿ. ಎತ್ತರದ ಕಲ್ಲಿನ ಗೋಡೆ, ಸುತ್ತ ಕಂದಕ, ಒಳಗೆ ಸುಮಾರು ಸಾವಿರ ಮಂದಿ. ಶರಣಾಗಿ ಅಂದರೆ ಒಪ್ಪಲಿಲ್ಲ. ಕಂಪನಿಯವರು ಕುದುರೆ ದಂಡಿನಿಂದ ಕೋಟೆ ಸುತ್ತುವರಿದು, ಗೋಡೆಗೆ ಏಣಿ ಹಚ್ಚಿ ಹತ್ತಿದರು. ಅದೇ ದಿನ ಡಂಬಳ ಬಿತ್ತು. ಆ ಬಳಿಕ ಗದಗಿಗೆ ಬಂದಾಗ ಅಲ್ಲಿ ಕಾದಾಟವೇ ಆಗಲಿಲ್ಲ, ಧೋಂಡಿಯಾನ ಕಡೆಯವರು ಕೋಟೆ ಬಿಟ್ಟು ಹೋಗಿದ್ದರು.

ನಾಲ್ಕು ದಿನಕ್ಕೆ, ಜುಲೈ 30ರಂದು, ಮಲಪ್ರಭಾ ದಂಡೆಯ ಮುನವಳ್ಳಿ ಹತ್ತಿರ ಧೋಂಡಿಯಾನ ಸಾಮಾನು ಸರಂಜಾಮಿನ ಪಾಳೆಯದ ಮೇಲೆ ವೆಲ್ಲೆಸ್ಲಿ ಬಿದ್ದ. ಹಿಂದೆ ತುಂಬಿದ ಹೊಳೆ, ಮುಂದೆ ಕುದುರೆ ದಂಡು. ಮಂದಿ, ದನ, ಕುದುರೆ ಹೊಳೆ ಪಾಲಾದವು. ಆಚೆ ದಂಡೆಯಲ್ಲಿದ್ದ ತೋಪುಗಳನ್ನೂ ಕಂಪನಿ ಸಿಪಾಯಿಗಳು ಈಜಿ ಹೋಗಿ, ದೋಣಿ ಹಿಡಿದು, ವಶ ಮಾಡಿಕೊಂಡರು. ಪಾಳೆಯದಲ್ಲಿ ಕತ್ತಿ ಹಿಡಿದವರಷ್ಟೇ ಇರಲಿಲ್ಲ. ಸಾಮಾನು ಹೊರುವವರು, ಹೆಂಗಸರು, ಮಕ್ಕಳೂ ಇದ್ದರು. ಗೆಲುವಿನ ವರದಿಗಳಲ್ಲಿ ಅವರ ಹೆಸರು ಬರುವುದಿಲ್ಲ.

ಕೋಣಗಲ್ಲಿನ ಬೆಳಗು

ಧೋಂಡಿಯಾ ಮಾತ್ರ ಸಿಕ್ಕಲಿಲ್ಲ. ಮಲಪ್ರಭೆಯ ಮೂಲದ ಕಾಡಿನ ದಾರಿ ಹಿಡಿದು ಪಾರಾಗಿ, ಪೂರ್ವಕ್ಕೆ ತಿರುಗಿ ನಿಜಾಮನ ಸೀಮೆ ಹೊಕ್ಕ. ಬಡಗಲ ಕಡೆಯಿಂದ ಸ್ಟೀವನ್ಸನ್, ತೆಂಕಲ ಕಡೆಯಿಂದ ವೆಲ್ಲೆಸ್ಲಿ. ಎರಡೂ ಕಡೆ ದೊಡ್ಡ ಹೊಳೆಗಳು. ಸ್ಟೀವನ್ಸನ್‌ನ ದಂಡು ಕಂಡು ಹಿಂದೆ ತಿರುಗಿದ ಧೋಂಡಿಯಾ, ವೆಲ್ಲೆಸ್ಲಿ ಅಷ್ಟು ಹತ್ತಿರ ಇದ್ದಾನೆ ಅಂತ ತಿಳಿಯದೇ ಅತ್ತಲೇ ನಡೆದ.

1800ರ ಸೆಪ್ಟೆಂಬರ್ 10ರ ಬೆಳಿಗ್ಗೆ, ಇಂದಿನ ರಾಯಚೂರು ಜಿಲ್ಲೆಯ ಯಾಪಲಪರ್ವಿಯಿಂದ ಹೊರಟ ವೆಲ್ಲೆಸ್ಲಿಗೆ ಕೋಣಗಲ್ಲಿನ ಹತ್ತಿರ ಸುಮಾರು 5,000 ಸವಾರರು ಎದುರಾದರು. ಧೋಂಡಿಯಾ ಓಡಲಿಲ್ಲ, ಬಂಡೆಗಳ ನಡುವೆ ಒಳ್ಳೇ ಜಾಗ ನೋಡಿ ಸಾಲುಗಟ್ಟಿ ನಿಂತ. ವೆಲ್ಲೆಸ್ಲಿ ಬಳಿ ಇದ್ದದ್ದು ನಾಲ್ಕು ಕುದುರೆ ಪಡೆ, ಎರಡು ಇಂಗ್ಲಿಷರವು, ಎರಡು ದೇಶಿ ಸವಾರರವು. ಕಾಲಾಳುಗಳು ಇನ್ನೂ ಹಿಂದಿದ್ದರು. ಅವರಿಗೆ ಕಾಯದೆ, ನಾಲ್ಕನ್ನೂ ಒಂದೇ ಸಾಲಾಗಿ ನಿಲ್ಲಿಸಿ ತಾನೇ ಮುಂದೆ ನಿಂತು ನುಗ್ಗಿಸಿದ. ಧೋಂಡಿಯಾನ ಸಾಲು ಒಡೆಯಿತು, ಆತ ಅಲ್ಲೇ ಸತ್ತ. ಹೆಣವನ್ನು ಗುರುತು ಹಿಡಿದು, ತೋಪಿನ ಗಾಡಿಗೆ ಕಟ್ಟಿ ಪಾಳೆಯಕ್ಕೆ ತಂದರು.

ಸಾಮಾನಿನ ನಡುವೆ ಸಲಾಬತ್ ಖಾನ್ ಅನ್ನೋ ಸುಮಾರು ನಾಲ್ಕು ವರ್ಷದ ಹುಡುಗ ಸಿಕ್ಕ. ಧೋಂಡಿಯಾನ ಮಗ. ಅಪ್ಪನನ್ನು ಬೇಟೆಯಾಡಿದ ವೆಲ್ಲೆಸ್ಲಿ ಮಗನನ್ನು ತನ್ನ ಡೇರೆಗೆ ಕರೆತಂದು ಸಾಕಿದ, ಹಿಂದೂಸ್ತಾನ ಬಿಟ್ಟು ಹೋಗುವಾಗ ಆತನ ಖರ್ಚಿಗೆ ಹಣ ಇಟ್ಟು ಹೋದ. ಸಲಾಬತ್ ದೊಡ್ಡವನಾಗಿ ಮೈಸೂರು ಅರಸರ ಚಾಕರಿ ಸೇರಿ, 1822ರಲ್ಲಿ ಕಾಲರಾ ತಗುಲಿ ತೀರಿಕೊಂಡ.

ಆಮೇಲೆ ಏನಾಯಿತು?

ಕೆಲಸ ಮುಗಿದ ಮೇಲೆ ಕಂಪನಿ ದಂಡು ವಾಪಸ್ಸಾಯಿತು, ಸೀಮೆ ಪೇಶ್ವೆಯರಿಗೇ ಉಳಿಯಿತು. ಆದರೆ ಯಾವ ಹೊಳೆ ಯಾವಾಗ ತುಂಬುತ್ತೆ, ಯಾವ ಕೋಟೆಯ ಗೋಡೆ ಎಷ್ಟು ಎತ್ತರ, ಕಾಳು ಎಲ್ಲಿ ಸಿಗುತ್ತೆ ಅನ್ನೋದನ್ನು ಅವರು ಒಂದೇ ಮಳೆಗಾಲದಲ್ಲಿ ಕಲಿತಿದ್ದರು. ಹದಿನೆಂಟು ವರ್ಷಕ್ಕೆ, 1818ರ ಜನವರಿಯಲ್ಲಿ, ಮನ್ರೋ ದಂಡು ತಂದು ಗದಗ, ಡಂಬಳ ಎರಡನ್ನೂ ಹಿಡಿದ. ಈ ಸಲ ಬಂದವರು ಹೋಗಲಿಲ್ಲ. 1858ರಲ್ಲಿ ಮುಂಡರಗಿ ಭೀಮರಾಯ ಬಂಡೆದ್ದಾಗ ಕೈ ಹಾಕಿದ್ದು ಇದೇ ಡಂಬಳದಲ್ಲಿದ್ದ ಕಂಪನಿ ಖಜಾನೆಗೆ.

ಧೋಂಡಿಯಾನನ್ನು ವೀರ ಅಂತ ಹಾಡಿ ಹೊಗಳಲು ಆತ ಸುಲಿದ ಊರುಗಳು ಅಡ್ಡ ಬರುತ್ತವೆ. ಬರೀ ಕಳ್ಳ ಅಂತ ತಳ್ಳಿಹಾಕಲು ವೆಲ್ಲೆಸ್ಲಿ ಬಿಟ್ಟುಕೊಟ್ಟ ಬಟಾವಿಯಾ ಅಡ್ಡ ಬರುತ್ತದೆ. ಇಷ್ಟಂತೂ ಖರೆ: ಆ ಮಳೆಗಾಲದಲ್ಲಿ ಯಾರು ಗೆದ್ದರೂ ಅವರ ಕುದುರೆಗೆ ಮೇವು, ಸವಾರರಿಗೆ ಜೋಳ ಹೋದದ್ದು ಈ ಸೀಮೆಯ ಹಗೇವುಗಳಿಂದಲೇ. ಡಂಬಳದ ದೊಡ್ಡಬಸಪ್ಪನ ಗುಡಿ ನೋಡಲು ಹೋದವರು, ಏಣಿ ಹಚ್ಚಿ ಹತ್ತಿದ ಆ ಕೋಟೆಯ ಉಳಿದ ಕಲ್ಲುಗಳನ್ನೂ ಒಂದು ಗಳಿಗೆ ನಿಂತು ನೋಡಿ ಬರಬಹುದು.