ಹಕಾರು ಹಶಿಮೊಟೊ

ಹಕಾರು ಹಶಿಮೊಟೊ (ಮೇ 5, 1881 – ಜನವರಿ 9, 1934) ಜಪಾನಿನ ವೈದ್ಯರು. ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯನ್ನು ಹಾನಿಗೊಳಿಸುವ ಕಾಯಿಲೆಯೊಂದನ್ನು 1912ರಲ್ಲಿ ಮೊದಲು ವರ್ಣಿಸಿದವರು ಇವರು. ಅದು ಇಂದು ಹಶಿಮೊಟೊ ಥೈರಾಯ್ಡೈಟಿಸ್ ಎಂದು ಪ್ರಸಿದ್ಧವಾಗಿದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಹಲವು ಪಟ್ಟು ಹೆಚ್ಚಾಗಿ ಕಂಡುಬರುವ ಈ ರೋಗಕ್ಕೆ ಬಂಜೆತನದ ಚಿಕಿತ್ಸೆಯಲ್ಲಿಯೂ ಮಹತ್ವವಿದೆ.

ಜನನ ಮತ್ತು ಶಿಕ್ಷಣ

ಹಶಿಮೊಟೊ ಅವರು ಮಿಯೆ ಪ್ರಾಂತ್ಯದ ಇಗಾ ಪ್ರದೇಶದ ವೈದ್ಯ ಮನೆತನವೊಂದರಲ್ಲಿ ಜನಿಸಿದರು. ಮುಂದೆ ಕ್ಯೂಶು ವಿಶ್ವವಿದ್ಯಾಲಯದ ಭಾಗವಾದ ಫುಕುವೊಕಾದ ವೈದ್ಯಕೀಯ ಕಾಲೇಜಿನಲ್ಲಿ ಓದಿ, 1907ರಲ್ಲಿ ಅದರ ಮೊದಲ ತಂಡದಲ್ಲಿಯೇ ಪದವಿ ಪಡೆದರು. ಬಳಿಕ ಪ್ರಾಧ್ಯಾಪಕ ಹಯಾರಿ ಮಿಯಾಕೆ ಅವರ ಶಸ್ತ್ರಚಿಕಿತ್ಸಾ ವಿಭಾಗವನ್ನು ಸೇರಿದರು.

ಸಂಶೋಧನೆ

ಗಳಗಂಡಕ್ಕಾಗಿ ಶಸ್ತ್ರಚಿಕಿತ್ಸೆಗೆ ಒಳಗಾದ ನಾಲ್ವರು ಮಹಿಳೆಯರ ಥೈರಾಯ್ಡ್ ಅಂಗಾಂಶವನ್ನು ಅವರು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಗ್ರಂಥಿಯ ತುಂಬ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಸೇರಿಕೊಂಡಿದ್ದವು. ಅದುವರೆಗೆ ತಿಳಿದಿದ್ದ ಥೈರಾಯ್ಡ್ ರೋಗಗಳಿಗಿಂತ ಇದು ಭಿನ್ನವೆಂದು ವಾದಿಸಿ, ಜರ್ಮನ್ ಭಾಷೆಯಲ್ಲಿ ಬರೆದ ಪ್ರಬಂಧವನ್ನು 1912ರಲ್ಲಿ ಜರ್ಮನಿಯ ಶಸ್ತ್ರಚಿಕಿತ್ಸಾ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು.

ನಂತರದ ಜೀವನ

ಹೆಚ್ಚಿನ ಅಧ್ಯಯನಕ್ಕೆಂದು ಅವರು ಜರ್ಮನಿಯ ಗಟಿಂಗೆನ್‌ಗೆ ತೆರಳಿದರು. ಮೊದಲನೆಯ ಮಹಾಯುದ್ಧದ ಕಾರಣ ಸ್ವದೇಶಕ್ಕೆ ಮರಳಬೇಕಾಯಿತು. 1916ರಲ್ಲಿ ಹುಟ್ಟೂರಿನಲ್ಲಿ ನೆಲೆಸಿ, ಕೊನೆಯವರೆಗೂ ಅಲ್ಲಿಯೇ ವೈದ್ಯವೃತ್ತಿ ನಡೆಸಿದರು. ತಮ್ಮ 52ನೆಯ ವಯಸ್ಸಿನಲ್ಲಿ ವಿಷಮಶೀತ ಜ್ವರದಿಂದ ನಿಧನರಾದರು.

ಮನ್ನಣೆ

ಅವರ ಪ್ರಬಂಧವು ಬಹುಕಾಲ ಕಡೆಗಣಿಸಲ್ಪಟ್ಟಿತ್ತು. ಇದು ಪ್ರತ್ಯೇಕ ರೋಗವೆಂಬುದನ್ನು ಅಮೆರಿಕದ ವೈದ್ಯರು 1931ರಲ್ಲಿ ಎತ್ತಿಹಿಡಿದರು. 1956ರಲ್ಲಿ ಲಂಡನ್ನಿನ ಐವನ್ ರಾಯ್ಟ್, ಡೆಬೊರಾ ಡೋನಿಯಾಕ್ ಮತ್ತು ಸಂಗಡಿಗರು ರೋಗಿಗಳ ರಕ್ತದಲ್ಲಿ ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳನ್ನು ಗುರುತಿಸಿದರು. ರೋಗದ ಮೂಲವು ದೇಹದ ಸ್ವಂತ ರೋಗನಿರೋಧಕ ವ್ಯವಸ್ಥೆಯಲ್ಲಿದೆ ಎಂಬುದು ಹೀಗೆ ತಿಳಿದುಬಂದಿತು. ಆ ವೇಳೆಗೆ ಹಶಿಮೊಟೊ ತೀರಿಕೊಂಡು 22 ವರ್ಷಗಳಾಗಿದ್ದವು.

ಬಂಜೆತನದ ಚಿಕಿತ್ಸೆಯೊಂದಿಗಿನ ಸಂಬಂಧ

ಈ ಪ್ರತಿಕಾಯಗಳಿರುವ ಸ್ತ್ರೀಯರಲ್ಲಿ ಗರ್ಭಪಾತದ ಸಂಭವ ಹೆಚ್ಚೆಂದು ಅನೇಕ ಅಧ್ಯಯನಗಳು ಸೂಚಿಸಿವೆ. ಪ್ರನಾಳ ಶಿಶು ಚಿಕಿತ್ಸೆಗಾಗಿ ಅಂಡಾಶಯವನ್ನು ಪ್ರಚೋದಿಸಿದಾಗ ಈಸ್ಟ್ರೋಜನ್ ಏರುತ್ತದೆ. ಅದರಿಂದ ಥೈರಾಯ್ಡ್ ಹಾರ್ಮೋನಿನ ಅಗತ್ಯವೂ ಹೆಚ್ಚುತ್ತದೆ. ಹಾನಿಗೊಂಡ ಗ್ರಂಥಿಗೆ ಅದನ್ನು ಪೂರೈಸುವುದು ಕಷ್ಟವಾಗಬಹುದು. ಆದ್ದರಿಂದ ಹಾರ್ಮೋನಿನ ಕೊರತೆಯಿರುವವರಿಗೆ ಲೀವೊಥೈರಾಕ್ಸಿನ್ ಔಷಧ ನೀಡಲಾಗುತ್ತದೆ.

ಪ್ರತಿಕಾಯಗಳಿದ್ದರೂ ಹಾರ್ಮೋನಿನ ಮಟ್ಟ ಸರಿಯಾಗಿರುವವರ ಸ್ಥಿತಿ ಬೇರೆ. ಪ್ರನಾಳ ಶಿಶು ಚಿಕಿತ್ಸೆ ಪಡೆಯುತ್ತಿದ್ದ ಇಂತಹ 600 ಸ್ತ್ರೀಯರ ಮೇಲೆ ಚೀನಾದಲ್ಲಿ ನಡೆದ ಪ್ರಯೋಗದಲ್ಲಿ (2017) ಔಷಧವು ಗರ್ಭಪಾತವನ್ನು ತಗ್ಗಿಸಲಿಲ್ಲ. ಗರ್ಭಪಾತ ಅಥವಾ ಬಂಜೆತನದ ಹಿನ್ನೆಲೆಯಿದ್ದ 952 ಸ್ತ್ರೀಯರ ಮೇಲೆ ಬ್ರಿಟನ್ನಿನಲ್ಲಿ ನಡೆದ ಪ್ರಯೋಗದಲ್ಲಿ (2019) ಜೀವಂತ ಶಿಶು ಜನನದ ಪ್ರಮಾಣವು ಔಷಧ ಪಡೆದವರಲ್ಲಿ ಶೇ. 37.4, ಪಡೆಯದವರಲ್ಲಿ ಶೇ. 37.9 ಇತ್ತು. ಹೀಗಾಗಿ ಪ್ರತಿಕಾಯಗಳು ಕಂಡುಬಂದ ಮಾತ್ರಕ್ಕೆ ಔಷಧದಿಂದ ಪ್ರಯೋಜನವಾಗುತ್ತದೆ ಎನ್ನಲಾಗದು.