ರುಡಾಲ್ಫ್ ಡೀಸೆಲ್
(ಅಂತಿಮ ಬಿ. ಎ. ವಿದ್ಯಾರ್ಥಿ)

ನಮ್ಮ ಚಳ್ಳಕೆರೆಯಲ್ಲಿ ಡೀಸೆಲ್ ಎಂಬ ಮಾತನ್ನು ದಿನಕ್ಕೊಮ್ಮೆಯಾದರೂ ಆಡದವರು ವಿರಳ. ಆದರೆ ಅದು ಒಬ್ಬ ಮನುಷ್ಯನ ಹೆಸರೆಂದು ನಾನು ತಿಳಿದದ್ದು ಕಾಲೇಜಿಗೆ ಬಂದ ಮೇಲೆಯೇ. ಮೊಳಕಾಲ್ಮೂರಿನ ಕಡೆಯ ನಮ್ಮ ಊರಿಗೆ ಹೋದಾಗ ತಂದೆಯವರಿಗೆ ಇದನ್ನು ಹೇಳಿದೆ, ಅವರು ನಂಬಲಿಲ್ಲ. ಟ್ರಾಕ್ಟರುಗಳ ಪಂಪು, ನಾಜಲ್ ರಿಪೇರಿ ಮಾಡುವ ಅಂಗಡಿಯಲ್ಲಿ ಇಪ್ಪತ್ತು ವರ್ಷ ದುಡಿದವರು ಅವರು. ಓದು ಮೂರನೆಯ ತರಗತಿಗೇ ನಿಂತಿತು. ಅವರಿಗೆ ಓದಿ ಹೇಳುವ ಉದ್ದೇಶದಿಂದಲೇ ಈ ಚರಿತ್ರೆಯನ್ನು ಬರೆದಿದ್ದೇನೆ.

ರುಡಾಲ್ಫ್ ಡೀಸೆಲ್ಲನು ೧೮೫೮ನೆಯ ಇಸವಿ ಮಾರ್ಚ್ ೧೮ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಾಯಿತಂದೆಗಳು ಜರ್ಮನಿಯ ಬವೇರಿಯಾ ಸೀಮೆಯವರು. ತಂದೆ ಪುಸ್ತಕಗಳಿಗೆ ರಟ್ಟು ಕಟ್ಟುವ, ಚರ್ಮದ ಕೆಲಸ ಮಾಡುವ ಕಸುಬಿನವನು. ೧೮೭೦ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹೊತ್ತಿಕೊಂಡಾಗ ಈ ಕುಟುಂಬವು ಪ್ಯಾರಿಸ್ ಬಿಟ್ಟು ಲಂಡನ್ನಿಗೆ ಹೋಗಬೇಕಾಯಿತು. ಅಲ್ಲಿಂದ ಹನ್ನೆರಡು ವರ್ಷದ ಹುಡುಗನನ್ನು ಓದಿಗಾಗಿ ಆಗ್ಸ್‌ಬರ್ಗಿನ ಬಂಧುಗಳ ಮನೆಗೆ ಕಳುಹಿಸಿದರು. ಬಂಧುಗಳ ಮನೆಯಲ್ಲಿದ್ದು ಓದುವುದು ಎಂತಹುದೆಂದು ನಮ್ಮಲ್ಲಿ ಅನೇಕರಿಗೆ ವಿವರಿಸಬೇಕಾಗಿಲ್ಲ. ಮುಂದೆ ಮ್ಯೂನಿಕ್ಕಿನ ತಾಂತ್ರಿಕ ವಿದ್ಯಾಲಯವನ್ನು ಸೇರಿದನು. ವಿಷಮಶೀತಜ್ವರದಿಂದ ಅಂತಿಮ ಪರೀಕ್ಷೆ ತಪ್ಪಿಹೋಯಿತು. ೧೮೮೦ರಲ್ಲಿ ಮತ್ತೆ ಕುಳಿತು ಬಹು ಉನ್ನತ ಅಂಕಗಳಿಂದ ತೇರ್ಗಡೆಯಾದನು.

ಅಲ್ಲಿ ಅವನ ಗುರು ಕಾರ್ಲ್ ಲಿಂಡೆ. ಆಗಿನ ಉಗಿಯಂತ್ರವು ಉರಿಸಿದ ಇದ್ದಲಿನ ಶಾಖದಲ್ಲಿ ನೂರಕ್ಕೆ ಸುಮಾರು ಹತ್ತು ಪಾಲನ್ನು ಮಾತ್ರ ಕೆಲಸಕ್ಕೆ ತಿರುಗಿಸುತ್ತದೆ, ಉಳಿದುದೆಲ್ಲ ವ್ಯರ್ಥ ಎಂಬ ಪಾಠ ಶಿಷ್ಯನ ಮನಸ್ಸನ್ನು ಹೊಕ್ಕು ಕುಳಿತಿತು. ಲಿಂಡೆಯ ಶೀತಯಂತ್ರಗಳ ಉದ್ಯೋಗದಲ್ಲಿದ್ದ ವರ್ಷಗಳಲ್ಲೂ ಅದು ಅವನನ್ನು ಬಿಡಲಿಲ್ಲ. ಕಡೆಗೆ ೧೮೯೨ರಲ್ಲಿ ಅವನು ತನ್ನ ಹೊಸ ಎಂಜಿನ್ನಿನ ಹಕ್ಕುಪತ್ರಕ್ಕೆ ಅರ್ಜಿ ಹಾಕಿದನು.

ಅವನ ವಿಚಾರ ಸರಳವಾದುದು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಹಾಗೆಯೇ ಸಿಲಿಂಡರಿನಲ್ಲಿ ಬರಿಯ ಗಾಳಿಯನ್ನು ಬಲವಾಗಿ ಒತ್ತಿ ಕಾಯಿಸಬೇಕು. ಕಾದ ಕ್ಷಣದಲ್ಲಿ ಎಣ್ಣೆಯನ್ನು ಚಿಮುಕಿಸಿದರೆ ಕಿಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳುವುದು. ಹೇಳುವುದಕ್ಕೆ ಇಷ್ಟೆ. ಆದರೆ ಒಳಗಿನ ಗಾಳಿ ಹೊರಗಿನ ಗಾಳಿಗಿಂತ ಮೂವತ್ತು ಪಟ್ಟು ಒತ್ತಡದಲ್ಲಿರುವಾಗ ಎಣ್ಣೆ ಅದರೊಳಕ್ಕೆ ಹೋಗುವುದು ಹೇಗೆ? ಒಳಗಿನದಕ್ಕಿಂತ ಹೆಚ್ಚಿನ ಒತ್ತಡದಿಂದ ನೂಕಬೇಕು. ಅದೂ ಧಾರೆಯಾಗಿ ಅಲ್ಲ, ಮಂಜಾಗಿ. ಡೀಸೆಲ್ಲನ ಆಯುಸ್ಸೆಲ್ಲ ಈ ಒಂದು ತೊಡಕಿನೊಡನೆ ಹೆಣಗಿತೆಂದರೆ ತಪ್ಪಾಗಲಾರದು.

ಈ ಮಾತು ನನಗೆ ಅರ್ಥವಾದುದು ಪುಸ್ತಕದಿಂದಲ್ಲ, ತಂದೆಯವರ ಅಂಗಡಿಯಲ್ಲಿ. ನಾಜಲನ್ನು ಒಂದು ಕೈಪಂಪಿಗೆ ಸಿಕ್ಕಿಸಿ, ಮೀಟರಿನ ಮುಳ್ಳನ್ನು ನೋಡುತ್ತ ಹಿಡಿಯನ್ನು ಒತ್ತುತ್ತಾರೆ. ಹಳೆಯ ಟ್ರಾಕ್ಟರುಗಳಲ್ಲಿ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ ೨೦೦ ಕಿಲೋಗ್ರಾಮಿನ ಆಚೀಚೆ ನಾಜಲ್ ಬಾಯಿ ತೆರೆಯಬೇಕು. ಒಳಗಿನ ಸ್ಪ್ರಿಂಗ್ ಸಡಿಲವಾದರೆ ಬೇಗ ತೆರೆದು ಎಣ್ಣೆ ತೊಟ್ಟಿಕ್ಕುತ್ತದೆ, ಎಂಜಿನ್ನು ಕರಿಹೊಗೆ ಉಗುಳುತ್ತದೆ. ಆಗ ತೆಳುವಾದ ಬಿಲ್ಲೆ ಹಾಕಿ ಸ್ಪ್ರಿಂಗನ್ನು ಬಿಗಿಮಾಡಬೇಕು. ಬಿಗಿ ಅತಿಯಾದರೂ ಕೆಡುಕೇ. ಚಿಮ್ಮುವ ಎಣ್ಣೆಗೆ ಕೈ ಒಡ್ಡಕೂಡದು, ಅದು ಚರ್ಮವನ್ನು ಸೀಳಿ ಒಳಹೋಗುತ್ತದೆ. ತಂದೆಯವರು ಮುಳ್ಳಿಗಿಂತ ಹೆಚ್ಚಾಗಿ ನಾಜಲಿನ ಕಿರುಗುಟ್ಟುವ ಸದ್ದನ್ನೇ ನಂಬುತ್ತಾರೆ. ಪಂದ್ಯದ ಪೆಟ್ರೋಲ್ ಕಾರುಗಳಲ್ಲಿಯೂ ಇದೇ ಕಥೆಯೆಂದು ಓದಿದೆ. ಅಲ್ಲಿ ಒತ್ತಡ ಬಹು ಕಡಮೆ, ಗಾಳಿಯ ಒತ್ತಡದ ಮೂರು ಪಟ್ಟಿನಷ್ಟು. ಅದನ್ನು ಇಮ್ಮಡಿ ಮಾಡಿದರೂ ಪೆಟ್ರೋಲು ಇಮ್ಮಡಿಯಾಗದು, ಸುಮಾರು ೧.೪ ಪಟ್ಟು ಮಾತ್ರ.

ಡೀಸೆಲ್ಲನಿಗೆ ಅಂಥ ಪಂಪು, ಅಂಥ ನಾಜಲ್ ಎಲ್ಲಿಂದ ಬರಬೇಕು? ೧೮೯೩ರ ಆಗಸ್ಟಿನಲ್ಲಿ ಆಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ ಮೊದಲ ಎಂಜಿನ್ನನ್ನು ಪರೀಕ್ಷಿಸಿದಾಗ ಒಳಗೆ ಸ್ಫೋಟವಾಗಿ ಒತ್ತಡ ಅಳೆಯುವ ಉಪಕರಣವೇ ಒಡೆಯಿತು. ಮರುವರ್ಷ ಫೆಬ್ರವರಿಯಲ್ಲಿ ಅದು ಸುಮಾರು ಒಂದು ನಿಮಿಷ ತಾನಾಗಿ ಓಡಿತು. ಎಣ್ಣೆಯನ್ನು ನೇರವಾಗಿ ನೂಕುವುದು ಕೈಗೂಡದೆ, ಇನ್ನೂ ಹೆಚ್ಚಿನ ಒತ್ತಡದ ಗಾಳಿಯಿಂದ ಅದನ್ನು ಊದಿ ಒಳಸೇರಿಸುವ ಉಪಾಯವನ್ನು ಹಿಡಿದನು. ೧೮೯೭ರಲ್ಲಿ ಪ್ರೊಫೆಸರ್ ಷ್ರೋಟರ್ ನಡೆಸಿದ ಪರೀಕ್ಷೆಯಲ್ಲಿ ಎಂಜಿನ್ನು ಶಾಖದಲ್ಲಿ ನೂರಕ್ಕೆ ೨೬.೨ ಪಾಲನ್ನು ಕೆಲಸಕ್ಕೆ ತಿರುಗಿಸಿತು. ಜಗತ್ತು ಬೆರಗಾಯಿತು.

ಗಾಳಿ ಊದುವ ಯಂತ್ರವೇ ದೊಡ್ಡದು, ಭಾರದ್ದು. ಆದುದರಿಂದ ಈ ಎಂಜಿನ್ನು ವಿದ್ಯುತ್ ಕೇಂದ್ರಗಳಿಗೂ ಹಡಗುಗಳಿಗೂ ಒಗ್ಗಿತೇ ಹೊರತು ರಸ್ತೆಗಿಳಿಯಲಿಲ್ಲ. ರಾಬರ್ಟ್ ಬಾಷ್‌ನ ಕಾರ್ಖಾನೆಯು ಎಣ್ಣೆ ನೂಕುವ ಚಿಕ್ಕ ಪಂಪುಗಳನ್ನು ಹೇರಳವಾಗಿ ತಯಾರಿಸಲಾರಂಭಿಸಿದ್ದು ೧೯೨೭ರಲ್ಲಿ. ಅದೇ ಬಾಷ್‌ನ ಸಹಯೋಗದಿಂದ ೧೯೫೧ರಲ್ಲಿ ನಮ್ಮ ಬೆಂಗಳೂರಿನಲ್ಲಿ ಮೈಕೋ ಆರಂಭವಾಯಿತು. ೨೦೦೬ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯವನ್ನೇ ಒಂದು ಡೀಸೆಲ್ ಕಾರು ಗೆದ್ದಿತು. ಇವಾವುದನ್ನೂ ಅವನು ಕಾಣಲಿಲ್ಲ.

ಶೇಂಗಾ ಬೆಳೆದು, ಎಣ್ಣೆ ಮಿಲ್ಲುಗಳ ಊರೆನಿಸಿಕೊಂಡ ನಮಗೆ ಸಲ್ಲುವ ಸಂಗತಿಯೊಂದುಂಟು. ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಚಿಕ್ಕ ಡೀಸೆಲ್ ಎಂಜಿನ್ನು ಶೇಂಗಾ ಎಣ್ಣೆಯಿಂದ ಓಡಿತು. ಅವನು ಎಂಜಿನ್ನನ್ನು ಕಂಡುಹಿಡಿದದ್ದೇ ಶೇಂಗಾ ಎಣ್ಣೆಗಾಗಿ ಎಂದು ಕೆಲವರು ಹೇಳುವುದುಂಟು; ಅದು ಸರಿಯಲ್ಲ. ಓಡಿಸಿದವರು ಓಟೊ ಕಂಪೆನಿಯವರು, ಕೇಳಿಕೊಂಡದ್ದು ಆಫ್ರಿಕದ ವಸಾಹತುಗಳನ್ನು ಮನಸ್ಸಿನಲ್ಲಿಟ್ಟುಕೊಂಡ ಫ್ರೆಂಚ್ ಸರ್ಕಾರ. ಡೀಸೆಲ್ಲನು ಮಾತ್ರ ಅದನ್ನು ಮರೆಯದೆ, ೧೯೧೨ರಲ್ಲಿ ಸಸ್ಯದ ಎಣ್ಣೆಗಳಿಗೆ ಮುಂದೆ ಕಾಲ ಬಂದೀತೆಂದು ಭಾಷಣದಲ್ಲಿ ತಿಳಿಸಿದನು.

ಹಣ ಬಂದಿತು, ನಿಲ್ಲಲಿಲ್ಲ. ಹಕ್ಕುಗಳ ವ್ಯಾಜ್ಯ, ಕೈಸುಟ್ಟ ವ್ಯವಹಾರಗಳು, ತಲೆಶೂಲೆ. ೧೮೯೮ರಲ್ಲಿಯೇ ನರದೌರ್ಬಲ್ಯದಿಂದ ಆರೋಗ್ಯಧಾಮ ಸೇರಬೇಕಾಗಿ ಬಂದಿತ್ತು. ಕಡೆಯ ವರ್ಷಗಳಲ್ಲಿ ಸಾಲ ಕುತ್ತಿಗೆಯವರೆಗೆ ಬಂದುದು ಹೊರಗಿನವರಿಗೆ ತಿಳಿದಿರಲಿಲ್ಲ.

೧೯೧೩ನೆಯ ಸೆಪ್ಟೆಂಬರ್ ೨೯ರ ಸಂಜೆ ಅವನು ಆಂಟ್ವರ್ಪಿನಲ್ಲಿ ಡ್ರೆಸ್ಡೆನ್ ಎಂಬ ಹಡಗನ್ನು ಹತ್ತಿ ಇಂಗ್ಲೆಂಡಿಗೆ ಹೊರಟನು. ಜೊತೆಯವರೊಡನೆ ಊಟಮಾಡಿ, ಬೆಳಿಗ್ಗೆ ಎಬ್ಬಿಸಲು ಹೇಳಿ ಕೋಣೆಗೆ ಹೋದನು. ಬೆಳಿಗ್ಗೆ ನೋಡಿದರೆ ಹಾಸಿಗೆಯಲ್ಲಿ ಮಲಗಿದ ಗುರುತಿಲ್ಲ. ತಾನಾಗಿ ಹಾರಿದನೋ, ಕಾಲುಜಾರಿತೋ, ಯಾರಾದರೂ ನೂಕಿದರೋ ಎಂದು ಜನ ಇಂದಿಗೂ ವಾದಿಸುತ್ತಾರೆ. ಸಾಲದ ಲೆಕ್ಕ ನೋಡಿದರೆ ಮೊದಲನೆಯದೇ ನಿಜವಿರಬಹುದೆಂದು ನನಗೆ ತೋರುತ್ತದೆ. ಹತ್ತು ಹನ್ನೊಂದು ದಿನಗಳ ಮೇಲೆ ಡಚ್ಚರ ದೋಣಿಯೊಂದಕ್ಕೆ ಸಮುದ್ರದಲ್ಲಿ ಶವ ಸಿಕ್ಕಿತು. ನಾವಿಕರು ಅಂಗಿಯ ಜೇಬಿನಲ್ಲಿದ್ದುದನ್ನು ತೆಗೆದುಕೊಂಡು ಶವವನ್ನು ನೀರಿಗೇ ಬಿಟ್ಟರು. ಗುಳಿಗೆಯ ಡಬ್ಬಿ, ಕಿರುಚಾಕು, ಕನ್ನಡಕದ ಪೆಟ್ಟಿಗೆ, ಇವು ತನ್ನ ತಂದೆಯವೇ ಎಂದು ಮಗ ಯೂಜೆನ್ ಬಂದು ಗುರುತಿಸಿದನು.