ಅನಾಥ ಶಿಶುಗಳ ಬಂಧು ಥಾಮಸ್ ಕೋರಂ

ದಾನವೆಂಬುದು ಕೈಯಿಂದ ಹೊರಡುವ ಹಣ ಮಾತ್ರವಲ್ಲ. ಕೊಟ್ಟದ್ದು ಪಾತ್ರರನ್ನು ತಲುಪಿ ಅವರ ಬಾಳು ಹಸನಾಗುವ ತನಕ ದಾನಿಯ ಹೊಣೆ ಮುಗಿಯುವುದಿಲ್ಲ. ಈ ತತ್ತ್ವವನ್ನು ಜೀವಿತದಿಂದಲೇ ತೋರಿಸಿಕೊಟ್ಟ ಆಂಗ್ಲ ನಾವಿಕರೊಬ್ಬರ ಚರಿತ್ರೆಯನ್ನು ಸಹೃದಯ ವಾಚಕರ ಮುಂದಿಡುತ್ತಿದ್ದೇವೆ.

ಥಾಮಸ್ ಕೋರಂ ಅವರು 1668ರ ಸುಮಾರಿಗೆ ಇಂಗ್ಲೆಂಡಿನ ಲೈಮ್ ರೀಜಿಸ್ ಎಂಬ ಕಡಲತಡಿಯ ಊರಿನಲ್ಲಿ ಜನಿಸಿದರು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಅವರು ಹನ್ನೊಂದನೆಯ ವಯಸ್ಸಿನಲ್ಲಿ ಹಡಗನ್ನೇರಿದರು. ಮುಂದೆ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಹಡಗು ಕಟ್ಟುವ ಉದ್ಯಮವನ್ನು ನಡೆಸಿ, ಬಾಸ್ಟನ್ನಿನ ಯೂನಿಸ್ ಎಂಬವರನ್ನು ವಿವಾಹವಾಗಿ ಇಂಗ್ಲೆಂಡಿಗೆ ಮರಳಿದರು. ದಂಪತಿಗಳಿಗೆ ಸಂತಾನವಾಗಲಿಲ್ಲ.

ಲಂಡನ್ನಿನ ಹೊರವಲಯದಲ್ಲಿ ವಾಸವಾಗಿದ್ದ ಕೋರಂ ಅವರು ನಸುಕಿನಲ್ಲಿ ನಗರಕ್ಕೆ ಹೊರಟು ಕತ್ತಲಾದ ಮೇಲೆ ಹಿಂದಿರುಗುತ್ತಿದ್ದರು. ದಾರಿಯ ಬದಿಯಲ್ಲಿ ತ್ಯಕ್ತ ಶಿಶುಗಳು ಬಿದ್ದಿರುತ್ತಿದ್ದವು; ಕೆಲವು ಜೀವಂತ, ಕೆಲವು ನಿರ್ಜೀವ. ದಾರಿದ್ರ್ಯ ಹಾಗೂ ಲೋಕಾಪವಾದದ ಭೀತಿಯಿಂದ ತಾಯಂದಿರು ಅವುಗಳನ್ನು ತೊರೆಯುತ್ತಿದ್ದರು. ಆ ದಾರಿಯಲ್ಲಿ ನಡೆದವರು ಸಹಸ್ರಾರು ಮಂದಿ. ಕಂಡು ನಿಂತವರು ವಿರಳ.

ಇಂತಹ ಶಿಶುಗಳಿಗೆ ಆಶ್ರಯ ನೀಡಿದರೆ ಅನಾಚಾರಕ್ಕೆ ಪ್ರೋತ್ಸಾಹ ಕೊಟ್ಟಂತಾಗುವುದೆಂಬುದು ಅಂದಿನ ಗಣ್ಯರ ವಾದವಾಗಿತ್ತು. ಕೋರಂ ಅವರು 17 ವರ್ಷಗಳ ಕಾಲ ಮನೆಮನೆಯ ಬಾಗಿಲು ತಟ್ಟಿದರು. ಪುರುಷರು ಹಿಂಜರಿದಾಗ ಕುಲೀನ ಸ್ತ್ರೀಯರನ್ನು ಪ್ರಾರ್ಥಿಸಿದರು. 1729ರಲ್ಲಿ ಸಾಮರ್ಸೆಟ್ಟಿನ ಡಚೆಸ್ ಮೊದಲ ಸಹಿ ಮಾಡಿದರು. ಕ್ರಮೇಣ 21 ಮಹಿಳೆಯರು ಸಹಿ ಮಾಡಿದರು. ಕೊನೆಗೆ 1739ರ ಅಕ್ಟೋಬರ್ 17ರಂದು ಎರಡನೆಯ ಜಾರ್ಜ್ ದೊರೆಯ ಸನ್ನದು ದೊರೆಯಿತು.

1741ರ ಮಾರ್ಚ್ 25ರ ರಾತ್ರಿ ಹ್ಯಾಟನ್ ಗಾರ್ಡನ್ನಿನ ಮನೆಯೊಂದರಲ್ಲಿ ಮೊದಲ 30 ಶಿಶುಗಳನ್ನು ಸ್ವೀಕರಿಸಲಾಯಿತು. ಹಸುಗೂಸುಗಳನ್ನು ಹಳ್ಳಿಗಳ ದಾದಿಯರ ಬಳಿ ಎದೆಹಾಲಿಗಾಗಿ ಬಿಟ್ಟು, ಐದು ವರ್ಷದ ಸುಮಾರಿಗೆ ಹಿಂದಕ್ಕೆ ಕರೆತರುತ್ತಿದ್ದರು. ಅನಂತರ ಅನ್ನ, ವಸ್ತ್ರ, ಓದು, ಸಿಡುಬಿನಿಂದ ರಕ್ಷಣೆ, ಕೊನೆಗೊಂದು ಕಸಬು—ಇಷ್ಟೂ ಸಂಸ್ಥೆಯ ಹೊಣೆಯಾಗಿತ್ತು. ಮುಂದೆಂದಾದರೂ ಮಗುವನ್ನು ಗುರುತಿಸಲೆಂದು ತಾಯಂದಿರು ಒಡೆದ ನಾಣ್ಯವನ್ನೋ ಬಟ್ಟೆಯ ತುಣುಕನ್ನೋ ಬಿಟ್ಟುಹೋಗುತ್ತಿದ್ದರು. ಬಂದವರಿಗೆಲ್ಲ ಸ್ಥಳ ಸಾಲದೆ 1742ರಿಂದ ಚೀಲದೊಳಗಿನ ಗುಂಡು ಎತ್ತಿಸುವ ಪದ್ಧತಿ ಬಂದಿತು: ಬಿಳಿಯದಾದರೆ ಪ್ರವೇಶ, ಕೆಂಪಾದರೆ ನಿರೀಕ್ಷೆ, ಕರಿಯದಾದರೆ ನಿರಾಶೆ.

ಚಿತ್ರಕಾರ ಹೋಗಾರ್ತ್ ತಮ್ಮ ಕೃತಿಗಳನ್ನು ಕೊಟ್ಟರು. ಸಂಗೀತಗಾರ ಹ್ಯಾಂಡೆಲ್ 1750ರಿಂದ ತಮ್ಮ ‘ಮೆಸೈಯ’ ಕೃತಿಯನ್ನು ಸಂಸ್ಥೆಯ ಪ್ರಾರ್ಥನಾಮಂದಿರದಲ್ಲಿ ಸಾದರಪಡಿಸಿ ಬಂದ ಹಣವನ್ನು ಮಕ್ಕಳಿಗೆ ಅರ್ಪಿಸಿದರು. ಇರುವುದನ್ನೇ ಕೊಡಬೇಕಲ್ಲವೇ? ವಿದ್ಯೆಯುಳ್ಳವರು ವಿದ್ಯೆಯನ್ನೇ ಕೊಟ್ಟರು.

ಆದರೆ ಸಹನಿರ್ವಾಹಕರೊಡನೆ ಉಂಟಾದ ಮನಸ್ತಾಪದಿಂದ 1742ರಲ್ಲಿ ಕೋರಂ ಅವರು ಆಡಳಿತ ಸಮಿತಿಯಿಂದ ಹೊರಬಿದ್ದರು. ತಾವೇ ಕಟ್ಟಿದ ಸಂಸ್ಥೆಯಲ್ಲಿ ಅಧಿಕಾರ ಹೋದರೂ ಮಕ್ಕಳ ನಂಟನ್ನು ಬಿಡಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಶಿಶುಗಳಿಗೆ ಧರ್ಮಪಿತರಾಗಿ ನಿಂತರು. ಪತ್ನಿ 1740ರಲ್ಲಿಯೇ ತೀರಿಕೊಂಡಿದ್ದರು. ವೃದ್ಧಾಪ್ಯದಲ್ಲಿ ಕೈಬರಿದಾದಾಗ ಮಿತ್ರರು ಚಂದಾ ಎತ್ತಿ ನೆರವಾದರು. 1751ರ ಮಾರ್ಚ್ 29ರಂದು ನಿಧನರಾದ ಅವರಿಗೆ ಅದೇ ಪ್ರಾರ್ಥನಾಮಂದಿರದಲ್ಲಿ ಸಮಾಧಿಯಾಯಿತು.

ಅವರ ಬಳಿಕ ನಡೆದುದೂ ಚಿಂತನಾರ್ಹ. 1756ರಲ್ಲಿ ಪಾರ್ಲಿಮೆಂಟು ಧನಸಹಾಯ ನೀಡಿ, ಬಂದ ಶಿಶುಗಳನ್ನೆಲ್ಲ ಸ್ವೀಕರಿಸಬೇಕೆಂದು ವಿಧಿಸಿತು. ನಾಲ್ಕೇ ವರ್ಷಗಳಲ್ಲಿ ಸುಮಾರು 15,000 ಶಿಶುಗಳು ಬಂದವು. ಮೂರರಲ್ಲಿ ಎರಡು ಪಾಲು ಅಸುನೀಗಿದವು. ಹಣ ಬಂದಿತು, ಆದರೆ ಅಷ್ಟು ಶಿಶುಗಳಿಗೆ ದಾದಿಯರೂ ಆರೈಕೆಯೂ ಒದಗಲಿಲ್ಲ. 1760ರಲ್ಲಿ ಆ ಪದ್ಧತಿಯನ್ನು ನಿಲ್ಲಿಸಬೇಕಾಯಿತು.

ಆ ಸಂಸ್ಥೆ ಕೋರಂ ಎಂಬ ಹೆಸರಿನಿಂದ ಮಕ್ಕಳ ಸೇವೆಯನ್ನು ಇಂದಿಗೂ ಮುಂದುವರಿಸಿದೆ. ಹಳೆಯ ಕಟ್ಟಡವಿದ್ದ ಸ್ಥಳ ಈಗ ಮಕ್ಕಳ ಆಟದ ಬಯಲು. ಮಗುವಿನ ಜೊತೆಯಿಲ್ಲದೆ ದೊಡ್ಡವರಿಗೆ ಅಲ್ಲಿ ಪ್ರವೇಶವಿಲ್ಲ.

ರೈಲ್ವೆಯಲ್ಲಿ ಬಹುಕಾಲ ದುಡಿದ ನಾವು ನಿಲ್ದಾಣಗಳಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಕಂಡವರು. ಕಂಡೂ ಗಾಡಿಯ ವೇಳೆಯನ್ನು ನೋಡುತ್ತ ಮುಂದೆ ಸಾಗಿದವರು. ಮನೆಯ ಶುಭಕಾರ್ಯಗಳಂದು ಅನಾಥಾಲಯಕ್ಕೆ ಒಂದು ಹೊತ್ತಿನ ಊಟ ಕೊಡುವುದು ಪುಣ್ಯಕರವೇ ಸರಿ. ಮರುದಿನವೂ ಅಲ್ಲಿಗೆ ಹೋಗಿ, ಹಾಲು ಸಾಲುತ್ತಿದೆಯೇ, ಹಾಸಿಗೆ ಒಣಗಿದೆಯೇ, ಜ್ವರ ಬಂದ ಮಗುವಿನ ಬಳಿ ಯಾರಿದ್ದಾರೆ ಎಂದು ವಿಚಾರಿಸುವ ವ್ಯವಧಾನವೂ ನಮಗೆ ಬರಲೆಂದು ಪ್ರಾರ್ಥಿಸುತ್ತೇವೆ.